ಮೇಲ್ವಿಚಾರಕರು ಕೆಲಸಗಾರರ ನಂಬಿಕೆಯನ್ನು ಗಳಿಸುವ ಬಗೆ

ದಾವಣಗೆರೆಯ ಹತ್ತಿ ಗಿರಣಿಗಳ ಕಾಲದಿಂದ ಇಂದಿನ ಅಕ್ಕಿ ಗಿರಣಿಗಳವರೆಗೆ ಕೆಲಸಗಾರರ ನಂಬಿಕೆ ಮೊದಲು ಅಲುಗಾಡುವುದು ಲೆಕ್ಕದ ಪುಸ್ತಕದಲ್ಲಿ. ಆದ್ದರಿಂದ ಮೇಲ್ವಿಚಾರಕರು ಅಲ್ಲಿಂದಲೇ ಆರಂಭಿಸಬೇಕು. 2019ರ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳವು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು, ಓವರ್‌ಟೈಮ್ ದುಡಿಮೆಗೆ ಕನಿಷ್ಠ ದುಪ್ಪಟ್ಟು ದರ ಸಲ್ಲಬೇಕು. ಆ ಗಂಟೆಗಳನ್ನು ಪಾಳಿ ಮುಗಿದ ಕೂಡಲೇ ಕೆಲಸಗಾರರ ಎದುರಿಗೇ ಹಾಜರಿ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಸಹಿ ಪಡೆಯಿರಿ. ನಾನು ದುಡಿದ ಗಿರಣಿಯೊಂದರಲ್ಲಿ ಇವನ್ನು ತಿಂಗಳ ಕೊನೆಗೆ ನೆನಪಿನಿಂದ ತುಂಬುತ್ತಿದ್ದೆವು. ಹಮಾಲರೊಬ್ಬರು ಬೀಡಿ ಕಟ್ಟಿನ ಕಾಗದದ ಮೇಲೆ ದಿನಕ್ಕೊಂದರಂತೆ ಪೆನ್ಸಿಲ್ ಗೀಟು ಎಳೆದು ಜೇಬಿನಲ್ಲಿಟ್ಟುಕೊಂಡಿದ್ದನ್ನು ಕಂಡ ದಿನ, ನಮ್ಮ ಪುಸ್ತಕವನ್ನು ಅವರು ನಂಬಿಲ್ಲವೆಂಬುದು ಅರಿವಾಗಿ ಮನಸ್ಸಿಗೆ ಬಹಳ ನೋವಾಯಿತು.

ತಪ್ಪು ನಿಮ್ಮದಾಗಿದ್ದರೆ ಎಲ್ಲರ ಎದುರು ಒಪ್ಪಿಕೊಳ್ಳಿ. ಕೆಲಸಗಾರರ ತಪ್ಪಾಗಿದ್ದರೆ ಪಕ್ಕಕ್ಕೆ ಕರೆದು, ‘ಏನಾಯಿತಪ್ಪಾ’ ಎಂದು ಮೊದಲು ಕೇಳಿ, ಆಮೇಲೆ ತಿದ್ದಿ ಹೇಳಿ.

ರಜೆ ಕೊಡಲು ಆಗುತ್ತದೆಯೋ ಇಲ್ಲವೋ ಎಂಬುದನ್ನು ಕೇಳಿದ ದಿನವೇ ತಿಳಿಸಿ, ಏಕೆಂದರೆ ದುಗ್ಗಮ್ಮನ ಜಾತ್ರೆಗೆ ಮಗಳು ಅಳಿಯನನ್ನು ಕರೆಸಿಕೊಳ್ಳಬೇಕಾದವರಿಗೆ ‘ನೋಡೋಣ’ ಎಂಬ ಉತ್ತರವು ‘ಇಲ್ಲ’ ಎಂಬುದಕ್ಕಿಂತಲೂ ಕಷ್ಟಕರವಾದದ್ದು. ದೂರು ಹೇಳಿದವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಮಾಲೀಕರ ಕಿವಿಗೂ ಹಾಕಬೇಡಿ.