ದುಡ್ಡಿಲ್ಲದ ಬ್ಯಾಟ್‌ಮನ್, ಮಕ್ಕಳೊಂದಿಗ ಸ್ಪೈಡರ್‌ಮನ್: ಹೊಸ ಕಾಮಿಕ್ಸ್ ನಾನು ಓದಿದ ಬಗೆ

ಈಗಿನ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಏನು ಓದಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಅಬ್ಸಲ್ಯೂಟ್ ಬ್ಯಾಟ್‌ಮನ್. ಹಳೆಯ ನಾಯಕರ ಕಥೆಯನ್ನು ಮೊದಲಿನಿಂದ ಬೇರೆ ಥರ ಹೇಳುವ 'ಅಬ್ಸಲ್ಯೂಟ್' ಮಾಲೆಯಲ್ಲಿ 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಪ್ರಕಾಶಕರಾದ ಡಿಸಿಯವರು ಶುರು ಮಾಡಿದ್ದು, ಬರೆಯುವವರು ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟಾ ಅವರದು. ಇದರಲ್ಲಿ ಬ್ಯಾಟ್‌ಮನ್ ಆಗುವ ಬ್ರೂಸ್ ವೇಯ್ನ್‌ಗೆ ಬಂಗಲೆಯಿಲ್ಲ, ಆಸ್ತಿಯಿಲ್ಲ. ಅಪ್ಪ ಸ್ಕೂಲ್ ಮೇಷ್ಟ್ರು, ಮೃಗಾಲಯದಲ್ಲಿ ಗುಂಡಿಗೆ ಬಲಿಯಾದವನು. ಅಮ್ಮ ಬದುಕಿದ್ದಾಳೆ. ಬ್ರೂಸ್ ಗಾಥಮ್ ನಗರದ ಕೆಲಸ ನೋಡಿಕೊಳ್ಳುವ ಎಂಜಿನಿಯರ್.

ನಾನು ಹಾಸನದಲ್ಲಿ ಸೈಟ್ ಎಂಜಿನಿಯರ್. ಸೆಂಟ್ರಿಂಗ್, ಕಾಂಕ್ರೀಟ್, ಮೇಸ್ತ್ರಿಗಳ ಜೊತೆ ದಿನ ಕಳೆಯುವವನು. ಹಾಗಾಗಿ ಈ ಬ್ರೂಸ್ ನನಗೆ ಒಂದೇ ಏಟಿಗೆ ಹಿಡಿಸಿದ. ಇವನ ಗಾಡಿ ನುಣುಪಾದ ಕಪ್ಪು ಕಾರಲ್ಲ, ದೈತ್ಯ ಟಿಪ್ಪರ್ ತರಹದ್ದು. ಎದೆಯ ಮೇಲಿನ ಬಾವಲಿ ಗುರುತನ್ನೇ ಕಿತ್ತು ಕೊಡಲಿ ಮಾಡಿಕೊಳ್ಳುತ್ತಾನೆ. ನನ್ನ ಅಕ್ಕನ ಮಗ ಪಕ್ಕದಲ್ಲಿ ಕೂತು ಬಗ್ಗಿ ನೋಡಿ, "ಮಾವ, ದುಡ್ಡಿಲ್ಲ ಅಂದ್ರೆ ಇದನ್ನೆಲ್ಲ ಹೆಂಗೆ ಮಾಡ್ಕೊಂಡ?" ಅಂತ ಕೇಳಿದ. ಸರಿಯಾದ ಪ್ರಶ್ನೆ ಅಲ್ವಾ? ಕಥೆಯ ಜೀವಾಳವೇ ಅದು. ಹಳೆಯ ಬ್ಯಾಟ್‌ಮನ್ ಕೊಂಡುಕೊಳ್ಳುತ್ತಿದ್ದ, ಇವನು ಕೈಯಾರೆ ಕಟ್ಟಬೇಕು.

ಹಾಸನದಲ್ಲಿ ಕೂತು ಇದನ್ನೆಲ್ಲ ಓದುವುದು ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹೊಸ ಸಂಚಿಕೆಗಳು ಅಮೆರಿಕದಲ್ಲಿ ಸಾಮಾನ್ಯವಾಗಿ ಬುಧವಾರ ಬರುತ್ತವೆ. ಕಾಗದದ ಸಂಚಿಕೆ ತರಿಸಿಕೊಳ್ಳುವುದು ದುಬಾರಿ, ಅಲ್ಲೇ ಒಂದಕ್ಕೆ 4ರಿಂದ 5 ಡಾಲರ್ ಇರುತ್ತದೆ. ಆದ್ದರಿಂದ ಬಿಡಿ ಸಂಚಿಕೆಗಳನ್ನು ನಾನು ಕಿಂಡಲ್‌ನಲ್ಲಿ ಕೊಂಡು ಟ್ಯಾಬ್‌ನಲ್ಲಿ ಓದುತ್ತೇನೆ. ಇನ್ನೊಂದು ದೊಡ್ಡ ಪ್ರಕಾಶನವಾದ ಮಾರ್ವೆಲ್‌ನದ್ದಾದರೆ ಮಾರ್ವೆಲ್ ಅನ್‌ಲಿಮಿಟೆಡ್ ಚಂದಾ ಇದೆ. ಅದರಲ್ಲಿ ಹೊಸ ಸಂಚಿಕೆ ಸೇರುವುದು ಸುಮಾರು ಮೂರು ತಿಂಗಳ ನಂತರ. ತಡ ಆದರೂ ನನಗೆ ತೊಂದರೆ ಇಲ್ಲ, ಗದ್ದಲವೆಲ್ಲ ಇಳಿದ ಮೇಲೆ ಓದಿದರೆ ಅಭಿಪ್ರಾಯ ನನ್ನದೇ ಆಗಿರುತ್ತದೆ. ತುಂಬಾ ಇಷ್ಟವಾದದ್ದರ ಸಂಪುಟವನ್ನು ಮಾತ್ರ ಪುಸ್ತಕವಾಗಿ ತರಿಸುತ್ತೇನೆ. ಅಬ್ಸಲ್ಯೂಟ್ ಬ್ಯಾಟ್‌ಮನ್ ಮೊದಲ ಸಂಪುಟದಲ್ಲಿ ಮೊದಲ ಆರು ಸಂಚಿಕೆಗಳಿವೆ.

ಟ್ಯಾಬ್‌ನಲ್ಲಿ ಒಂದೊಂದೇ ಚೌಕವನ್ನು ದೊಡ್ಡದು ಮಾಡಿ ತೋರಿಸುವ ಸೌಲಭ್ಯ ಇರುತ್ತದೆ. ಅದನ್ನು ದಯವಿಟ್ಟು ಆಫ್ ಮಾಡಿ. ಚಿತ್ರಕಾರ ಪುಟವನ್ನು ಇಡಿಯಾಗಿ ಯೋಚಿಸಿ ಬರೆದಿರುತ್ತಾನೆ, ಈ ಸೌಲಭ್ಯ ಅದನ್ನು ಕತ್ತರಿಸಿ ಚೂರು ಚೂರು ಮಾಡಿ ಕೊಡುತ್ತದೆ. ಡ್ರಗೋಟಾ ಒಂದು ಪುಟದಲ್ಲಿ ಸಣ್ಣ ಸಣ್ಣ ಚೌಕಗಳನ್ನು ಒತ್ತೊತ್ತಾಗಿ ತುಂಬಿ, ಮಧ್ಯೆ ಬ್ಯಾಟ್‌ಮನ್‌ನನ್ನು ಬೃಹತ್ತಾಗಿ ನಿಲ್ಲಿಸುತ್ತಾರೆ. ಆ ಗಾತ್ರದ ವ್ಯತ್ಯಾಸ ಕಾಣದಿದ್ದರೆ ಭಯವೇ ಹುಟ್ಟುವುದಿಲ್ಲ. ಎರಡು ಪುಟ ಸೇರಿದ ದೊಡ್ಡ ಚಿತ್ರ ಬಂದಾಗ ಟ್ಯಾಬ್ ಅಡ್ಡ ಹಿಡಿಯಿರಿ.

ಒಂದು ಸಂಚಿಕೆ ಅಂದರೆ ಇಪ್ಪತ್ತು ಚಿಲ್ಲರೆ ಪುಟ. ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಅಷ್ಟಕ್ಕೇ ಬಿಟ್ಟರೆ ದುಡ್ಡು ದಂಡ. ನಾನು ಮೊದಲು ಸುಮ್ನೆ ಕಥೆಗಾಗಿ ಓದುತ್ತೇನೆ. ಆಮೇಲೆ ಮಾತುಗಳನ್ನು ಪೂರ್ತಿ ಬಿಟ್ಟು ಬರೀ ಚಿತ್ರ ನೋಡುತ್ತಾ ಹೋಗುತ್ತೇನೆ, ಯಾರು ಎಲ್ಲಿ ನಿಂತಿದ್ದಾರೆ, ಯಾವ ಪುಟ ತಿರುಗಿಸಿದಾಗ ಏನು ಕಾಣುತ್ತದೆ, ಬಣ್ಣ ಎಲ್ಲಿ ಬದಲಾಯಿತು ಅಂತ. ಈ ಎರಡನೇ ಓದಿನಲ್ಲೂ ಕಥೆ ಅರ್ಥವಾದರೆ ಆ ಸಂಚಿಕೆ ಗಟ್ಟಿ ಅಂತ ನನ್ನ ಲೆಕ್ಕ.

ಈ ರೀತಿ ಓದುವುದನ್ನು ನಾನು ಕಲಿತದ್ದು ಹಳೇಬೀಡಿನಲ್ಲಿ ಅಂದರೆ ಅತಿಶಯ ಅಲ್ಲ. ಹಾಸನದಿಂದ ಸುಮಾರು 30 ಕಿಲೋಮೀಟರ್, ಚಿಕ್ಕಂದಿನಿಂದ ನೆಂಟರು ಬಂದಾಗೆಲ್ಲ ಅಲ್ಲಿಗೇ ಕರೆದುಕೊಂಡು ಹೋಗುವುದು. ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ ಆನೆಗಳ ಸಾಲಿನ ಮೇಲೆ ಇನ್ನೂ ಕೆಲವು ಸಾಲು ದಾಟಿದರೆ ರಾಮಾಯಣ, ಮಹಾಭಾರತದ ಪಟ್ಟಿಕೆ ಸಿಗುತ್ತದೆ. ಅಲ್ಲಿ ಕಥೆ ಹೇಳುವ ಬರಹ ಇಲ್ಲ. ನಡೆಯುತ್ತಾ ನಡೆಯುತ್ತಾ ಓದಬೇಕು. ಅಭಿಮನ್ಯು ಚಕ್ರವ್ಯೂಹಕ್ಕೆ ಸಿಕ್ಕಿದ್ದನ್ನು ಸುರುಳಿಯಾಗಿ ಕೆತ್ತಿದ್ದಾರೆ, ಕಥೆ ಗೊತ್ತಿಲ್ಲದವನಿಗೂ ಅವನು ಹೊರಬರಲಾರ ಅನ್ನುವುದು ತಿಳಿಯುತ್ತದೆ.

ಅದೇ ಕೆಲಸವನ್ನು ಈಗ ಚಿತ್ರಕಾರ ಹಾವಿಯೆರ್ ರೊಡ್ರಿಗೆಜ್ ಮಾಡುತ್ತಿದ್ದಾರೆ. 2025ರ ಮಾರ್ಚ್‌ನಲ್ಲಿ ಶುರುವಾದ ಅಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್ ನೋಡಿ. ಬರೆದವರು ಡೆನಿಜ್ ಕ್ಯಾಂಪ್. ಜಾನ್ ಜೋನ್ಸ್ ಎಫ್‌ಬಿಐ ಅಧಿಕಾರಿ, ಬಾಂಬ್ ಸ್ಫೋಟದಲ್ಲಿ ಬದುಕುಳಿದ ಮೇಲೆ ಅವನ ತಲೆಯೊಳಗೆ ಬೇರೊಂದು ಜೀವ ಬಂದು ಸೇರುತ್ತದೆ, ಜನರ ಮನಸ್ಸಿನೊಳಗಿನದು ಬಣ್ಣದ ಹೊಗೆಯಾಗಿ ಕಾಣತೊಡಗುತ್ತದೆ. ಯೋಚನೆಯನ್ನು ಚಿತ್ರದಲ್ಲಿ ತೋರಿಸುವುದು ಎಷ್ಟು ಕಷ್ಟ ಹೇಳಿ! ಸಾಮಾನ್ಯವಾಗಿ ಒಂದು ಗುಳ್ಳೆ ಬರೆದು ಅದರೊಳಗೆ ಮಾತು ತುರುಕುತ್ತಾರೆ. ಇಲ್ಲಿ ಬಣ್ಣವೇ ಮಾತು. ಮೊದಲು ಆರೇ ಸಂಚಿಕೆ ಅಂದಿದ್ದದ್ದನ್ನು ಆಮೇಲೆ ಹನ್ನೆರಡಕ್ಕೆ ಹೆಚ್ಚಿಸಿದರು, ಅದು ಈ ವರ್ಷಗಳಲ್ಲಿ ನನಗೆ ಅತಿ ಖುಷಿ ಕೊಟ್ಟ ಸುದ್ದಿ. ಮುಖ್ಯವಾಗಿ ಇದು ಹೆಂಡತಿ ಮಗನಿಂದ ಮನಸ್ಸಿನಲ್ಲೇ ದೂರವಾದ ಒಬ್ಬ ಗಂಡಸಿನ ಕಥೆ. ನನ್ನ ಮಟ್ಟಿಗೆ ಸದ್ಯದ ಅತ್ಯುತ್ತಮ ಕಾಮಿಕ್ ಇದೇ. ಆದರೂ ಹೊಸಬರಿಗೆ ಮೊದಲು ಬ್ಯಾಟ್‌ಮನ್ ಅನ್ನೇ ಕೊಡುತ್ತೇನೆ, ಇದಕ್ಕೆ ಸ್ವಲ್ಪ ಕಣ್ಣು ಪಳಗಿರಬೇಕು.

ಅಬ್ಸಲ್ಯೂಟ್ ವಂಡರ್ ವುಮನ್ ಬಗ್ಗೆ ನನಗೆ ವಾದವೇ ಇಲ್ಲ. ಕೆಲ್ಲಿ ಥಾಮ್ಸನ್ ಬರವಣಿಗೆ, ಹೇಡನ್ ಶರ್ಮನ್ ಚಿತ್ರ, 2025ರಲ್ಲಿ ಅತ್ಯುತ್ತಮ ಹೊಸ ಸರಣಿಗೆ ಕಾಮಿಕ್ಸ್ ಲೋಕದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿ ಬಂತು, ಬರಬೇಕಾದದ್ದೇ. ವಂಡರ್ ವುಮನ್ ಆಗುವ ಡಯಾನಾ ನರಕದಲ್ಲಿ ಮಾಟಗಾತಿ ಸರ್ಸಿಯ ಕೈಯಲ್ಲಿ ಬೆಳೆಯುತ್ತಾಳೆ. ಬೇಡದ ಮಗುವಾಗಿ ಬಂದವಳು ಸರ್ಸಿಯನ್ನೇ ತಾಯಿಯನ್ನಾಗಿ ಮಾಡಿಬಿಡುತ್ತಾಳೆ. ಕೈಯಲ್ಲಿ ಆಳೆತ್ತರದ ಕತ್ತಿ ಇದ್ದರೂ ಅವಳ ಬಲ ಇರುವುದು ಕರುಣೆಯಲ್ಲಿ. ಕೆಟ್ಟ ಜಾಗದಲ್ಲಿ ಬೆಳೆದವರು ಕೆಟ್ಟವರೇ ಆಗುತ್ತಾರೆ ಅನ್ನುವ ಸೋಮಾರಿ ಬರವಣಿಗೆ ಕಾಮಿಕ್ಸ್‌ನಲ್ಲಿ ಜಾಸ್ತಿ, ಥಾಮ್ಸನ್ ಅದನ್ನು ಹತ್ತಿರಕ್ಕೂ ಬಿಟ್ಟುಕೊಂಡಿಲ್ಲ.

ಮಾರ್ವೆಲ್ ಕಡೆ ನಾನು ಬಿಡದೆ ಓದಿದ್ದು 2024ರ ಜನವರಿಯಲ್ಲಿ ಶುರುವಾದ ಅಲ್ಟಿಮೇಟ್ ಸ್ಪೈಡರ್‌ಮನ್, ಇದೂ ಹಳೆಯ ಕಥೆಯನ್ನು ಹೊಸದಾಗಿ ಹೇಳುವಂಥದ್ದು. ಜಾನಥನ್ ಹಿಕ್‌ಮನ್ ಬರೆದದ್ದು, ಮುಖ್ಯ ಚಿತ್ರಕಾರ ಮಾರ್ಕೊ ಕೆಕ್ಕೆಟ್ಟೊ. ಸ್ಪೈಡರ್‌ಮನ್ ಆಗುವ ಪೀಟರ್‌ಗೆ ಮದುವೆಯಾಗಿದೆ, ಎರಡು ಮಕ್ಕಳಿವೆ, ಹುಡುಗ ವಯಸ್ಸು ದಾಟಿದ ಮೇಲೆ ಶಕ್ತಿ ಬರುತ್ತದೆ. ಹಳೆಯ ಕಥೆಯಲ್ಲಿ ಕೊಲೆಯಾಗುವ ಅಂಕಲ್ ಬೆನ್ ಇಲ್ಲಿ ಬದುಕಿದ್ದಾರೆ. ನಾಲ್ಕನೇ ಸಂಚಿಕೆಯಲ್ಲಿ ಪೀಟರ್ ದಂಪತಿ ಮತ್ತು ಅವನಂತೆಯೇ ಗುಟ್ಟಾಗಿ ಮುಖವಾಡ ತೊಡುವ ಹ್ಯಾರಿ ದಂಪತಿ ಊಟಕ್ಕೆ ಕೂತು ಮಾತಾಡುತ್ತಾರೆ, ಕಥೆಯ ಬಹುಭಾಗ ಅದೇ. ಹೊಡೆದಾಟ ಇಲ್ಲ ಅಂತ ನನ್ನ ಗೆಳೆಯರು ಬೇಸರ ಮಾಡಿಕೊಂಡರು. ನನಗೋ ಇಡೀ ಸರಣಿಯಲ್ಲಿ ಅದೇ ಮೇಲು, ಇಬ್ಬರು ಗಂಡಸರು ಹೆಂಡಂದಿರ ಮುಂದೆ ಗುಟ್ಟು ಇಟ್ಟುಕೊಂಡು ಊಟ ಮಾಡುವುದು ಯಾವ ಹೊಡೆದಾಟಕ್ಕೆ ಕಮ್ಮಿ? ಆಮೇಲಾಮೇಲೆ ವಿಲನ್‌ಗಳು ಜಾಸ್ತಿಯಾಗಿ ಮನೆಯೊಳಗಿನ ಕಥೆಗೆ ಜಾಗ ಕಮ್ಮಿಯಾಯಿತು, ಅದು ನನಗೆ ಹಿಡಿಸಲಿಲ್ಲ.

ಅಬ್ಸಲ್ಯೂಟ್ ಸೂಪರ್‌ಮನ್ ಕೂಡ ಅಷ್ಟೇ. ಸೂಪರ್‌ಮನ್ ಹುಟ್ಟಿದ ಗ್ರಹ ಕ್ರಿಪ್ಟಾನ್‌ನಲ್ಲಿ ಮೇಲು ಕೀಳು ಇದೆ, ಕಲ್-ಎಲ್ (ಸೂಪರ್‌ಮನ್‌ನ ಹುಟ್ಟು ಹೆಸರು) ದುಡಿಯುವ ವರ್ಗದ ಮನೆಯ ಹುಡುಗ, ಈ ಯೋಚನೆ ತುಂಬಾ ಚೆನ್ನಾಗಿದೆ. ಆದರೆ ಬರೆಯುವ ಜೇಸನ್ ಆರನ್ ಹಿಂದೆ ಮುಂದೆ ಅಂತ ಎರಡು ಕಾಲದ ನಡುವೆ ಎಷ್ಟು ಓಡಾಡಿಸುತ್ತಾರೆ ಅಂದರೆ ಒಂದೊಂದು ಸಂಚಿಕೆ ಅರ್ಧ ಊಟದಲ್ಲಿ ಎಬ್ಬಿಸಿದ ಹಾಗೆ ಮುಗಿಯುತ್ತದೆ. ಸಂಪುಟವಾಗಿ ಓದುವವರಿಗೆ ಇದು ಗೊತ್ತಾಗಲಿಕ್ಕಿಲ್ಲ. ತಿಂಗಳಿಗೊಂದರಂತೆ ಕೊಳ್ಳುವವರಿಗೆ ಪ್ರತಿ ಸಂಚಿಕೆಯಲ್ಲೂ ಏನಾದರೂ ಒಂದು ಪೂರ್ತಿ ಸಿಗಬೇಕು.

ಬ್ಯಾಟ್‌ಮನ್ ಬಗ್ಗೆಯೂ ಒಂದು ತಕರಾರಿದೆ. ಬೇನ್ ಅನ್ನುವ ವಿಲನ್ ಬಂದ ಮೇಲಿನ ಭಾಗದಲ್ಲಿ ಬ್ರೂಸ್‌ನ ಬಾಲ್ಯದ ಗೆಳೆಯರಿಗೆ ಆಗುವ ಹಿಂಸೆ ಮೊದಲು ನಿಜಕ್ಕೂ ಹೆದರಿಸಿತು, ಆಮೇಲೆ ಅತಿಯಾಯಿತು. ಆ ಗೆಳೆಯರಲ್ಲೊಬ್ಬನಾದ ವೇಲನ್ ಜೋನ್ಸ್ ವಿಷಯದಲ್ಲಂತೂ ನನಗೆ ಸಿಟ್ಟೇ ಬಂತು, ಅಷ್ಟು ಪ್ರೀತಿಯಿಂದ ಬೆಳೆಸಿದ ಪಾತ್ರ ಅದು. ಈ ಮಾತಿಗೆ ನನ್ನ ಗೆಳೆಯರು ಇನ್ನೂ ಒಪ್ಪಿಲ್ಲ. ಮೊದಲ ಸಂಪುಟ ಮುಗಿಸಿದವರು ಆ ಭಾಗವನ್ನೂ ಓದಿ ನೋಡಿ, ಆಮೇಲೆ ಯಾರ ಪರ ಅಂತ ಹೇಳಿ.