32 ಬಿಟ್‌ನಿಂದ 64 ಬಿಟ್‌ಗೆ: ಬದಲಾಯಿಸುವ ಮುನ್ನ ನೋಡಬೇಕಾದದ್ದು

ಹಳೆಯ ಕಂಪ್ಯೂಟರಿಗೆ 64 ಬಿಟ್ ವಿಂಡೋಸ್ (ಮಾಹಿತಿಯನ್ನು ಒಮ್ಮೆಗೆ 32ರ ಬದಲು 64 ಬಿಟ್‌ಗಳ, ಎಂದರೆ ಸೊನ್ನೆ-ಒಂದುಗಳ, ತುಣುಕುಗಳಲ್ಲಿ ನಿಭಾಯಿಸುವ ಆವೃತ್ತಿ) ಹಾಕಿಸಿದರೆ ವೇಗ ಇಮ್ಮಡಿಯಾಗುತ್ತದೆ ಎಂದು ನಂಬಿರುವವರು ಹಲವರಿದ್ದಾರೆ. ಆದರೆ ಪತ್ರ ಟೈಪ್ ಮಾಡಲು, ಮಿಂಚಂಚೆ ಓದಲು ಈ ಬದಲಾವಣೆಯಿಂದ ಕಣ್ಣಿಗೆ ಕಾಣುವಂಥ ಲಾಭವಿಲ್ಲ. ಲಾಭವಿರುವುದು ಮುಖ್ಯವಾಗಿ ಮೆಮೊರಿಯ, ಎಂದರೆ ಕೆಲಸ ನಡೆಯುವಾಗ ಮಾಹಿತಿಯನ್ನು ಹಿಡಿದಿಡುವ ರ‍್ಯಾಮ್‌ನ, ವಿಷಯದಲ್ಲಿ. ಮೆಮೊರಿಯ ಪ್ರತಿ ಜಾಗಕ್ಕೂ ವಿಳಾಸವೆಂಬ ಒಂದು ಸಂಖ್ಯೆ ಇರುತ್ತದೆ; 32 ಬಿಟ್ ವಿಳಾಸದಿಂದ ಗುರುತಿಸಬಹುದಾದದ್ದು 4 ಜಿಬಿ ಮಾತ್ರ. ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮೊದಲಾದ ಸಾಧನಗಳಿಗೆ ಮೀಸಲಾಗುವುದರಿಂದ, 8 ಜಿಬಿ ರ‍್ಯಾಮ್ ಹಾಕಿಸಿದರೂ ಸಾಮಾನ್ಯ 32 ಬಿಟ್ ವಿಂಡೋಸ್ ಬಳಸುವುದು ಮೂರು, ಮೂರೂವರೆ ಜಿಬಿಯಷ್ಟನ್ನೇ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ತೆರೆದು ‘ಸಿಸ್ಟಂ ಟೈಪ್’ ಎಂಬ ಸಾಲನ್ನು ಓದಿ. ಪ್ರೊಸೆಸರ್ ‘ಎಕ್ಸ್64’ (ಅಂದರೆ 64 ಬಿಟ್) ಎಂದಿದ್ದು, ಆಪರೇಟಿಂಗ್ ಸಿಸ್ಟಂ ಮಾತ್ರ 32 ಬಿಟ್ ಎಂದಿದ್ದರೆ ಬದಲಾವಣೆ ಸಾಧ್ಯ. ಎಎಂಡಿ ಕಂಪನಿ ಇಂಥ ಪ್ರೊಸೆಸರ್‌ಗಳನ್ನು 2003ರಲ್ಲೇ ಮಾರುಕಟ್ಟೆಗೆ ತಂದಿತ್ತಾದ್ದರಿಂದ ಸಾಕಷ್ಟು ಹಳೆಯ ಯಂತ್ರಗಳಲ್ಲೂ ಈ ಸಾಮರ್ಥ್ಯವಿರುತ್ತದೆ.

ಅದೇ ಪುಟದಲ್ಲಿ ರ‍್ಯಾಮ್ ಎಷ್ಟಿದೆ ನೋಡಿ. 2 ಜಿಬಿ ಮಾತ್ರ ಇದ್ದರೆ ಈಗಲೇ ಬದಲಾಯಿಸಬೇಡಿ. 64 ಬಿಟ್ ಪ್ರೋಗ್ರಾಂಗಳು ಮೆಮೊರಿ ವಿಳಾಸಗಳನ್ನು ನಾಲ್ಕರ ಬದಲು ಎಂಟು ಬೈಟ್‌ಗಳಲ್ಲಿ ಬರೆದಿಟ್ಟುಕೊಳ್ಳುವುದರಿಂದ ಇರುವ ಅಲ್ಪ ಜಾಗವೂ ಬೇಗ ತುಂಬುತ್ತದೆ. ಅಂಥವರು ಬದಲಾವಣೆಗೆ ತಗಲುವ ಹಣವನ್ನು ರ‍್ಯಾಮ್‌ಗೋ ಎಸ್‌ಎಸ್‌ಡಿಗೋ (ಹಾರ್ಡ್ ಡಿಸ್ಕ್‌ಗಿಂತ ವೇಗದ ಸಂಗ್ರಹ ಸಾಧನ) ಹಾಕುವುದು ಜಾಣತನ. ಫೋಟೊ, ವಿಡಿಯೊ ತಿದ್ದುವವರಿಗೆ ಮತ್ತು ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆರೆದಿಡುವವರಿಗೆ 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಜೊತೆಗೆ 64 ಬಿಟ್ ನಿಜಕ್ಕೂ ನೆರವಾಗುತ್ತದೆ.

ಮುಂದಿನ ಹಂತದಲ್ಲೇ ಹಲವರು ಎಡವುವುದು. 64 ಬಿಟ್ ವಿಂಡೋಸ್‌ಗೆ 64 ಬಿಟ್ ಡ್ರೈವರ್‌ಗಳೇ (ಪ್ರಿಂಟರ್ ಮೊದಲಾದ ಸಾಧನಗಳನ್ನು ನಡೆಸುವ ತಂತ್ರಾಂಶಗಳು) ಬೇಕು. ನಿಮ್ಮ ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ಅವು ಸಿಗುತ್ತವೆಯೇ ಎಂದು ತಯಾರಕರ ಜಾಲತಾಣದಲ್ಲಿ ಮೊದಲೇ ಖಚಿತಪಡಿಸಿಕೊಳ್ಳಿ. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ಲೆಕ್ಕಪತ್ರದ ತಂತ್ರಾಂಶವನ್ನು ಇನ್ನೂ ನಂಬಿಕೊಂಡಿರುವ ಅಂಗಡಿಯವರು ಇನ್ನಷ್ಟು ಎಚ್ಚರ ವಹಿಸಬೇಕು, ಏಕೆಂದರೆ ಅಂಥ 16 ಬಿಟ್ ಪ್ರೋಗ್ರಾಂಗಳು 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದೇ ಇಲ್ಲ.

ಇಷ್ಟೆಲ್ಲ ಸರಿಯಿದ್ದರೆ ಕಡತಗಳನ್ನು ಬೇರೊಂದು ಡಿಸ್ಕ್‌ಗೆ ನಕಲಿಸಿಕೊಳ್ಳಿ. 32 ಬಿಟ್ ವಿಂಡೋಸ್‌ ಮೇಲೆಯೇ 64 ಬಿಟ್ ಆವೃತ್ತಿಯನ್ನು ಅಪ್‌ಗ್ರೇಡ್ ಮಾಡಲು ಬರುವುದಿಲ್ಲವಾದ್ದರಿಂದ ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಯಾವುದನ್ನು ಹಾಕುವುದು ಎಂಬುದೂ ಯೋಚಿಸಬೇಕಾದ ಮಾತು: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ, ಹಳೆಯ ಪ್ರೊಸೆಸರ್‌ಗಳನ್ನು ಅದು ಒಪ್ಪುವುದೂ ಇಲ್ಲ. ಅಂಥ ಯಂತ್ರಕ್ಕೆ 64 ಬಿಟ್ ಲಿನಕ್ಸ್ (ವಿಂಡೋಸ್ ಬದಲು ಬಳಸಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹೊಂದುತ್ತದೆ.

ವಿಂಡೋಸ್ ಹಾಕಿದವರು ಕೊನೆಗೆ, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಬ್ರೌಸರಿನ ಹೆಸರಿನ ಮುಂದೆ ‘32 ಬಿಟ್’ ಎಂದಿದ್ದರೆ ಅದನ್ನು ತೆಗೆದು 64 ಬಿಟ್ ಆವೃತ್ತಿಯನ್ನು ಹಾಕಿಕೊಳ್ಳಿ. ಉಳಿದ 32 ಬಿಟ್ ಪ್ರೋಗ್ರಾಂಗಳು ಹಾಗೆಯೇ ನಡೆಯುತ್ತವೆ.