ಈರುಳ್ಳಿ ಸಿಪ್ಪೆಯ ಈಸ್ಟರ್

ಪೋಲೆಂಡಿನ ಕ್ರಾಕೋವ್‌ನಲ್ಲಿ ಓದುವಾಗ ನಾನಿದ್ದದ್ದು ಹಾಸ್ಟೆಲಿನಲ್ಲಲ್ಲ, ಒಂದು ಮನೆಯವರ ಜೊತೆ. ಆ ಮನೆಯ ಯಜಮಾನಿಯನ್ನು ‘ಪಾನಿ’ ಎನ್ನುತ್ತಿದ್ದೆ. ನಮ್ಮಲ್ಲಿ ‘ಅಮ್ಮಾವ್ರು’ ಅಂದ ಹಾಗೆ ಅದು. 2019ರ ಮಾರ್ಚ್‌ನಲ್ಲಿ ಒಂದು ಸಂಜೆ ನಾನು ಎಸೆದ ಈರುಳ್ಳಿ ಸಿಪ್ಪೆಯನ್ನು ಪಾನಿ ಕಸದ ಬುಟ್ಟಿಗೆ ಕೈಹಾಕಿ ಹೆಕ್ಕಿ ತೆಗೆದರು. ಗೋಡೆಗೆ ನೇತುಹಾಕಿದ ಬಟ್ಟೆ ಚೀಲ ತೋರಿಸಿ, ಈಸ್ಟರ್‌ವರೆಗೆ ಸಿಪ್ಪೆಯೆಲ್ಲ ಇದರೊಳಗೆ ಬೀಳಬೇಕು ಅಂದರು. ಮೊಟ್ಟೆಗೆ ಬಣ್ಣ ಕಟ್ಟಲಿಕ್ಕಂತೆ.

ನಾನು ಸಾಗರ ಸೀಮೆಯ ಅಡಿಕೆ ತೋಟದ ಮನೆಯವಳು. ನಮ್ಮ ಅಡುಗೆಮನೆಯ ಹೊಸಿಲನ್ನು ಮೊಟ್ಟೆ ದಾಟಿದ್ದೇ ಇಲ್ಲ. ಪಾನಿಗೂ ಅದು ಗೊತ್ತಿತ್ತು. ‘ತಿನ್ನಬೇಡ, ಬಣ್ಣ ಹಾಕಲಿಕ್ಕೆ ಬಾ’ ಅಂದರು.

ಬಣ್ಣ ಹಾಕಿದ್ದು ಏಪ್ರಿಲ್ 19ರಂದು, ಗುಡ್ ಫ್ರೈಡೇ ದಿನ. ಅದೇ ದಿನ ನಮ್ಮ ಚೈತ್ರ ಹುಣ್ಣಿಮೆ, ಹನುಮ ಜಯಂತಿ. ಮಾರ್ಚ್ 21ರಿಂದ ಹಿಡಿದು ಚರ್ಚಿನ ಲೆಕ್ಕದಲ್ಲಿ ಮೊದಲು ಬರುವ ಹುಣ್ಣಿಮೆ, ಅದರ ನಂತರದ ಭಾನುವಾರ ಈಸ್ಟರ್ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ, ‘ಹಂಗಾದ್ರೆ ಅವರದ್ದೂ ಪಂಚಾಂಗದ ಹಬ್ಬವೇ’ ಅಂದಿದ್ದ.

ಕೆಲಸ ಸುಲಭ, ಆದರೆ ಅವಸರ ಮಾಡುವ ಹಾಗಿಲ್ಲ. ಪಾತ್ರೆಯ ತುಂಬ ಸಿಪ್ಪೆ ಒತ್ತಿ, ಮುಳುಗುವಷ್ಟು ನೀರು ಹಾಕಿ ಅರ್ಧ ಗಂಟೆ ಕುದಿಸಬೇಕು. ನೀರು ಕಾಚಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಸೋಸಿ, ಆರಿಸಿ, ಎರಡು ಚಮಚ ವಿನೆಗರ್ ಹಾಕಿ, ಆಮೇಲೆ ಮೊಟ್ಟೆ ಇಳಿಸಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ನಾನು ಆರುವವರೆಗೆ ಕಾಯದೆ ಫ್ರಿಜ್‌ನಿಂದ ತೆಗೆದ ಮೊಟ್ಟೆಯನ್ನೇ ಬಿಸಿನೀರಿಗೆ ಬಿಟ್ಟೆ, ಎರಡು ಟಪ್ಪೆಂದು ಬಿರಿದವು. ಬೆಂದ ಮೇಲೂ ಅದೇ ನೀರಿನಲ್ಲಿ ಕೆಲವು ತಾಸು ಬಿಟ್ಟರೆ ಬಣ್ಣ ಗಾಢವಾಗುತ್ತದೆ. ಒರೆಸಿ ಚೂರು ಬೆಣ್ಣೆ ಸವರಿದರೆ ಹೊಳಪು.

ಹೊರಗೆ ತೆಗೆದಾಗ ಅದು ಅಪ್ಪಟ ಕೆಮ್ಮಣ್ಣಿನ ಬಣ್ಣ! ಪಾನಿ ದಪ್ಪ ಸೂಜಿ ಕೊಟ್ಟು, ಕೆರೆದು ಚಿತ್ರ ಬಿಡಿಸು ಅಂದರು. ಕೆರೆದಲ್ಲೆಲ್ಲ ಬಿಳಿ ಗೆರೆ ಏಳುತ್ತಿತ್ತು. ನನಗೆ ಮತ್ತೇನೂ ಹೊಳೆಯಲಿಲ್ಲ. ನಮ್ಮೂರ ದೀವರ ಮನೆಗಳಲ್ಲಿ ಮದುವೆಗೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿಗೆ ಅದ್ದಿ ಹಸೆ ಚಿತ್ತಾರ ಬರೆಯುವುದನ್ನು ಚಿಕ್ಕವಳಿದ್ದಾಗ ಪಕ್ಕದಲ್ಲೇ ಕೂತು ನೋಡಿದ್ದೆ. ಆ ಎಳೆಗಳನ್ನೇ ನೆನಪಿದ್ದಷ್ಟು ಗೀರಿದೆ. ಗೋಡೆ ನೆಟ್ಟಗಿರುತ್ತದೆ, ಮೊಟ್ಟೆ ಗುಂಡಗೆ. ಸುತ್ತಿ ಬಂದ ಗೆರೆ ಹೊರಟ ಜಾಗಕ್ಕೆ ಸೇರಲೇ ಇಲ್ಲ. ಒಂದು ಮೊಟ್ಟೆಗೆ ಒಂದೂವರೆ ತಾಸು ಹಿಡಿಯಿತು.

ಶನಿವಾರ ಬುಟ್ಟಿ ಒಯ್ಯುವ ಶಾಸ್ತ್ರ. ಬಿಳಿ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಮೊಟ್ಟೆ, ಬ್ರೆಡ್ಡು, ಉಪ್ಪು, ಹ್ಯಾಮು, ಸಾಸೇಜು, ಹಾರ್ಸ್‌ರ್ಯಾಡಿಶ್ ಎಂಬ ಖಾರದ ಬೇರು, ಬೆಣ್ಣೆಯಲ್ಲಿ ಮಾಡಿದ ಕುರಿಮರಿ, ಅಂಚಿಗೆ ಹಸಿರು ಟೊಂಗೆ. ಪಾದ್ರಿಗಳು ತೀರ್ಥ ಚಿಮುಕಿಸಿದ ಮೇಲೆ ಅದನ್ನು ಮರುದಿನದ ತಿಂಡಿಗೆ ತೆಗೆದಿಡುತ್ತಾರೆ. ನಿನ್ನದೂ ಏನಾದರೂ ಇರಲಿ ಎಂದು ಪಾನಿ ಹಟ ಹಿಡಿದರು. ಊರಿಂದ ಒಯ್ದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಪುಟ್ಟ ಬಾಟಲಿಗೆ ತುಂಬಿ ಮೂಲೆಯಲ್ಲಿಟ್ಟೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಬಗ್ಗಿ ನೋಡಿ ಆಲಿವ್ ಕಾಯಾ ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಆರಕ್ಕೆ ಪೂಜೆ. ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದವು. ಚರ್ಚಿಗೆ ಮೂರು ಸುತ್ತು ಮೆರವಣಿಗೆ. ನಾನು ಕೊನೆಯ ಸಾಲಿನಲ್ಲಿ ನಡೆದೆ. ಪ್ರದಕ್ಷಿಣೆ ಹಾಕಿ ಗೊತ್ತಿರುವ ಕಾಲಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ತಿಂಡಿಗೆ ಕೂತಾಗ ಅಪ್ಪನ ಫೋನು. ಆ ಬೆಳಿಗ್ಗೆಯೇ ಶ್ರೀಲಂಕಾದ ಚರ್ಚುಗಳಲ್ಲಿ ಬಾಂಬ್ ಸಿಡಿದ ಸುದ್ದಿ ಟಿವಿಯಲ್ಲಿ ಬರುತ್ತಿತ್ತಂತೆ. ‘ಕೂಸೇ, ಚರ್ಚಿಂದ ಬಂದ್ಯಾ?’ ಎಂದು ಕೇಳಿ, ಬಂದೆ ಅಂದ ಮೇಲೂ ಇಡಲಿಲ್ಲ. ನಾನು ಮೇಜಿನವರಿಗೆ ವಿಷಯ ಹೇಳಿದೆ. ಯಜಮಾನರು ಎದ್ದುನಿಂತರು. ಎಲ್ಲರೂ ನಿಂತು ಪ್ರಾರ್ಥನೆ ಮಾಡಿ ಕೂತೆವು.

ಆಮೇಲೆ ಹಂಚುವ ಶಾಸ್ತ್ರ. ತೀರ್ಥ ಬಿದ್ದ ಮೊಟ್ಟೆಯ ಹೋಳುಗಳನ್ನು ತಟ್ಟೆಯಲ್ಲಿಟ್ಟು, ಒಬ್ಬರಿಗೊಬ್ಬರು ಕೊಟ್ಟು ಒಳ್ಳೆಯದಾಗಲಿ ಎನ್ನಬೇಕು. ಇದೇ ಗಳಿಗೆಗೆ ವಾರದಿಂದ ಹೆದರಿದ್ದೆ. ಪಾನಿ ಅದೇ ಬುಟ್ಟಿಯ ಬ್ರೆಡ್ಡನ್ನು ಚೂರು ಮಾಡಿ ನನ್ನ ಮುಂದಿಟ್ಟಿದ್ದರು. ಅವರು ಮೊಟ್ಟೆ ಹಿಡಿದು ಬಂದರು, ನಾನು ಬ್ರೆಡ್ಡು ಚಾಚಿದೆ. ಯಾರೂ ಅದನ್ನೊಂದು ಮಾತು ಮಾಡಲಿಲ್ಲ.

ರೈ ಹಿಟ್ಟನ್ನು ನಾಲ್ಕೈದು ದಿನ ಹುಳಿ ಬರಿಸಿ ಮಾಡುವ ಜೂರೆಕ್ ಸಾರನ್ನು ನನಗೊಬ್ಬಳಿಗೆ ಸಾಸೇಜು, ಮೊಟ್ಟೆ ಇಲ್ಲದೆ ಬೇರೆ ಕಾಯಿಸಿದ್ದರು. ಹುಳಿ ನಾಲಿಗೆಗೆ ಹಿತವಾಗಿತ್ತು. ಹಾರ್ಸ್‌ರ್ಯಾಡಿಶ್ ಮಾತ್ರ ಮೂಗಿನಿಂದ ನೆತ್ತಿಗೇರಿತು. ಅಪ್ಪೆಮಿಡಿ ಕಚ್ಚಿದ ಯಜಮಾನರ ಪಾಡು ಅದಕ್ಕಿಂತ ಬೇರೆಯಿರಲಿಲ್ಲ. ಕೊನೆಗೆ ಬಾಬ್ಕಾ ಎಂಬ ಎತ್ತರದ ಸಿಹಿ ಕೇಕು, ಮೃದು, ಬಂಗಾರದ ಬಣ್ಣ. ಎರಡು ತುಂಡು ತಿಂದಾದ ಮೇಲೆ ಈ ಬಣ್ಣ ಹೇಗೆ ಬಂತು ಎಂದು ಕೇಳಿದೆ. ಹನ್ನೆರಡು ಮೊಟ್ಟೆಯ ಹಳದಿ, ಅಂದಳು ಮಗಳು. ಪಾನಿ ಕೈಯಿಂದ ಬಾಯಿ ಮುಚ್ಚಿಕೊಂಡರು. ಮೂರನೆಯದು ಬೇಡ ಅಂದೆ. ತಿಂದದ್ದಕ್ಕೆ ವ್ಯಥೆಪಟ್ಟೆ ಎಂದರೆ ಸುಳ್ಳಾಗುತ್ತದೆ.

ಸಂಜೆ ಅಮ್ಮ ಕೇಳಿದಳು, ‘ಎಂಥ ತಿಂದ್ಯೇ?’

‘ಬ್ರೆಡ್ಡು, ಸಾರು, ಕೇಕು.’

‘ಕೇಕಿಗೆ ಎಂಥ ಹಾಕಿದ್ರು?’

‘ಅದೊಂದು ಕೇಳಡ ಮಾರಾಯ್ತಿ.’

ಅಮ್ಮ ಕೇಳಲಿಲ್ಲ. 23ಕ್ಕೆ ನಮ್ಮಲ್ಲಿ ಮತದಾನ, ಅಪ್ಪನಿಗೆ ಬೆಳಿಗ್ಗೆ ಬೇಗ ಹೋಗಬೇಕಂತೆ ಎಂದು ಮಾತು ಹೊರಳಿಸಿದಳು. ಸೋಮವಾರ ಅಲ್ಲಿ ನೀರೆರಚುವ ದಿನ. ಹಾಸಿಗೆಯಲ್ಲೇ ಒಂದು ಚೊಂಬು ನೀರು ಬಿತ್ತು, ನಮ್ಮ ಓಕುಳಿಯಾದರೆ ಕಾಮನಬಿಲ್ಲಿನ ಬಣ್ಣವಾದರೂ ಇರುತ್ತದೆ.

ಊರಿಗೆ ಬಂದ ಮೇಲೂ ಸಿಪ್ಪೆ ಕೂಡಿಡುವ ಚಾಳಿ ಬಿಟ್ಟಿಲ್ಲ. ನಮ್ಮಲ್ಲಿ ಮೊಟ್ಟೆ ಬೇಯಿಸುವ ಹಾಗಿಲ್ಲವಲ್ಲ, ಈಸ್ಟರ್ ಹಿಂದಿನ ದಿನ ಚೀಲ ಹಿಡಿದು ಪೇಟೆಯಲ್ಲಿರುವ ಕೊಂಕಣಿ ಬಾಯಮ್ಮನ ಮನೆಗೆ ಹೋಗುತ್ತೇನೆ. ಈಸ್ಟರನ್ನು ಪಾಸ್ಕ ಎನ್ನುವ ಅವರ ಮನೆಯ ಹಬ್ಬಕ್ಕೆ ಈ ಬಣ್ಣದ ಮೊಟ್ಟೆ ಹೊಸದು, ಮೊಮ್ಮಕ್ಕಳಿಗೆ ಖುಷಿ. ನಾಟಿ ಕೋಳಿಯದು ಬೇಡ, ಚಿಪ್ಪೇ ಕಂದಾಗಿದ್ದರೆ ಗೆರೆ ಎದ್ದು ಕಾಣುವುದಿಲ್ಲ. ಫಾರಮ್ಮಿನ ಬಿಳಿ ಮೊಟ್ಟೆಯೇ ಸೈ. ನಮ್ಮ ಸೆಕೆಗೆ ಹೊರಗಿಟ್ಟರೆ ಹಾಳಾಗುತ್ತದೆ, ಹಾಗಾಗಿ ಗೀರಿದ್ದನ್ನು ಫ್ರಿಜ್ಜಿಗೆ ಸೇರಿಸುತ್ತೇವೆ. ಹೋದ ಸಲ ಸಿಪ್ಪೆ ಕಡಿಮೆ ಬಿದ್ದು ಬಣ್ಣ ತೆಳುವಾಯಿತು. ಈ ಸಲ ಅಮ್ಮನೇ ಎರಡು ಚೀಲ ತುಂಬಿಸಿಟ್ಟಿದ್ದಾಳೆ.